ನೂರ ಹದಿನೆಂಟನೇ ಪುಟಕ್ಕೊಂದು ತಿದ್ದುಪಡಿ

ಬಾಲ್ಜ್ ಲುಕ್ಸಿಂಗರ್ ಎಂಬತ್ತೇಳು ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪನಿಯ ಮಾಲೀಕ ಎಂಬ ಸಂಗತಿ ನಮ್ಮ ಓಬರ್‌ಬಾಖ್ ಊರಿನಲ್ಲಿ ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಂಪನಿಗೂ ಗೊತ್ತಿರಲಿಲ್ಲ. ಆದ್ದರಿಂದ ಸಿಕ್ಕಸಿಕ್ಕವರಿಗೆಲ್ಲ ಅದನ್ನು ತಿಳಿಸುವ ಭಾರ ಪಾಪ ಅವನ ಮೇಲೆಯೇ ಬಿದ್ದಿತ್ತು.

ವಿಷಯ ಇಷ್ಟೇ. ಮಕ್ಕಳ ಗಂಜಿಯಿಂದ ಹಿಡಿದು ನಾಯಿ ಬಿಸ್ಕತ್ತಿನವರೆಗೆ ಎಲ್ಲವನ್ನೂ ಮಾರುವ ಅರ್ವೆಲ್ಲಾ ಕಂಪನಿಯ ಅತಿ ಹಳೆಯ, ಅತಿ ಸಣ್ಣ ಕಾರ್ಖಾನೆ ನಮ್ಮೂರಿನಲ್ಲಿದೆ. ಅಲ್ಲಿ ಮೂವತ್ತೊಂದು ಜನ ಸೇರಿ ನಮ್ಮ ಲಿಂತ್ ಕಣಿವೆಯ ಹಸಿರು ಚೀಸನ್ನು ಒಣಗಿಸಿ, ಬಟಾಣಿ ಹಿಟ್ಟಿಗೆ ಬೆರೆಸಿ, ಹಸಿರು ಸೂಪಿನ ಪುಡಿ ಮಾಡುತ್ತಾರೆ. ಕಾರ್ಖಾನೆಗೆ ನೂರು ವರ್ಷ ತುಂಬಿದಾಗ ಕಂಪನಿಯವರು ಖುಷಿಯಿಂದ ಪ್ರತಿ ಕೆಲಸಗಾರರಿಗೂ ಒಂದೊಂದು ಷೇರು ಕೊಟ್ಟರು. ಇಪ್ಪತ್ತೈದು ವರ್ಷ ದುಡಿದವರಿಗೆ ಎರಡು. ಹಾಗೆ ಬಾಲ್ಜ್‌ನ ಹೆಂಡತಿ ರೇಗುಲಾಗೆ ಎರಡು ಸಿಕ್ಕವು. ಗಂಡನ ಅರವತ್ತನೇ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ತೋಚದೆ ಅವಳು ಅದರಲ್ಲೊಂದನ್ನು ಅವನ ಹೆಸರಿಗೆ ಮಾಡಿಸಿಬಿಟ್ಟಳು.

"ಶರ್ಟು ಕೊಡಿಸಬೇಕಿತ್ತು ಉಲಿ," ಎಂದು ಆಮೇಲೆ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಉಲಿ ಎಂದರೆ ನಾನು. ಅಂಚೆಯನ್ನೂ ಜನರನ್ನೂ ಒಯ್ಯುವ ಅಂಚೆ ಬಸ್ಸಿನ ಚಾಲಕ, ಅವರದೇ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದೇನೆ.

ಷೇರು ಬಂದ ದಿನದಿಂದ ಬಾಲ್ಜ್‌ನ ನಡಿಗೆಯೇ ಬದಲಾಯಿತು. ಸಹಕಾರಿ ಅಂಗಡಿಗೆ ಹೋದರೆ ಅರ್ವೆಲ್ಲಾ ಬಿಸ್ಕತ್ತಿನ ಪೊಟ್ಟಣಗಳನ್ನು ಮುಂದಕ್ಕೆ ಎಳೆದು, ಬೇರೆ ಕಂಪನಿಯವನ್ನು ಹಿಂದಕ್ಕೆ ತಳ್ಳುವನು. ಅಂಗಡಿಯ ಹೆಂಗಸು ಗದರಿದರೆ, "ನಮ್ಮ ಕಂಪನಿ ಮಾಲು ಧೂಳು ಹಿಡೀತಿದ್ರೆ ನೋಡ್ಕೊಂಡು ಸುಮ್ನಿರಕ್ಕಾಗುತ್ತಾ?" ಎನ್ನುವನು. ನಿವೃತ್ತನಾಗುವವರೆಗೆ ಅವನು ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವನು. ಎದುರಿಗೆ ಬಂದದ್ದನ್ನೆಲ್ಲ ಪಕ್ಕಕ್ಕೆ ತಳ್ಳುತ್ತ ಮೂವತ್ತು ವರ್ಷ ಕಳೆದವನಿಗೆ ಪಕ್ಕದಲ್ಲಿ ಕೂತವರು ಹೇಳುವುದು ಕೇಳಿಸುವುದು ಸ್ವಲ್ಪ ಕಷ್ಟವೇ.

ಈ ವರ್ಷದ ಫೆಬ್ರುವರಿಯಲ್ಲಿ ಕಂಪನಿಯ ವಾರ್ಷಿಕ ಫಲಿತಾಂಶ ಹೊರಬಿತ್ತು. ಎಲ್ಲರೂ ಅದನ್ನು ಕಂಪ್ಯೂಟರಿನಲ್ಲಿ ನೋಡಿ ಮರೆಯುತ್ತಾರೆ. ಬಾಲ್ಜ್ ಮಾತ್ರ ಪತ್ರ ಬರೆದು ಇನ್ನೂರ ಹನ್ನೆರಡು ಪುಟದ ಅಚ್ಚಾದ ವರದಿಯನ್ನೇ ತರಿಸಿಕೊಂಡ. ಆ ಭಾನುವಾರ ಊಟಕ್ಕೆ ನನ್ನನ್ನೂ ಕರೆದಿದ್ದರು. ಮ್ಯಾಕರೋನಿಯೂ ಸೇಬಿನ ಗೊಜ್ಜೂ ಮೇಜಿನ ಮೇಲೆ ಆರುತ್ತಿದ್ದವು. ಬಾಲ್ಜ್ ಸ್ಕೇಲು, ಪೆನ್ಸಿಲು ಹಿಡಿದು ಒಂದೊಂದೇ ಸಾಲನ್ನು ವಿಚಾರಣೆ ಮಾಡುತ್ತಿದ್ದ.

"ಮಾರಾಟ ನೂರಕ್ಕೆ ಎರಡೂ ಮುಕ್ಕಾಲು ಏರಿದೆ," ಎಂದ, ತಾನೇ ಮನೆಮನೆಗೆ ಹೋಗಿ ಮಾರಿ ಬಂದವನಂತೆ. "ಏಷ್ಯಾದಲ್ಲಿ ಚೆನ್ನಾಗಿ ಮಾಡಿದೀವಿ. ಬ್ರೆಜಿಲ್‌ನವರು ಸ್ವಲ್ಪ ಸೋಮಾರಿಗಳಾಗಿದಾರೆ. ಒಂದು ಕಾಗದ ಹಾಕ್ಬೇಕು."

"ಬಾಲ್ಜ್, ಸ್ವಲ್ಪ ಈ ಕಡೆ ಕೇಳು," ಎಂದಳು ರೇಗುಲಾ. "ನಿನ್ನೆ ಮ್ಯಾನೇಜರು ನಮ್ಮನ್ನೆಲ್ಲ ಕರೆದಿದ್ರು. ಜೂನ್ ಕೊನೆಗೆ ಕಾರ್ಖಾನೆ ಮುಚ್ತಾರಂತೆ."

ಪೆನ್ಸಿಲು ನಿಂತಿತು. ಬಾಲ್ಜ್ ಪುಟಗಳನ್ನು ಸರಸರನೆ ಮಗುಚಿ ನೂರ ಹದಿನೆಂಟರಲ್ಲಿ ಬೆರಳಿಟ್ಟ. ನಾಲ್ಕನೆಯ ಸಾಲು. ಉತ್ಪನ್ನಗಳ ಪಟ್ಟಿಯನ್ನು ಸರಳಗೊಳಿಸುವ ಸಲುವಾಗಿ ಲಿಂತ್ ಕಣಿವೆಯ ಸೂಪ್ ಘಟಕವನ್ನು ನಿಲ್ಲಿಸಲಾಗುವುದು.

"ಪೂರ್ತಿ ಕೇಳು," ಎಂದಳು ರೇಗುಲಾ. "ಅರವತ್ತು ದಾಟಿದವರಿಗೆ ಅವತ್ತಿಂದಾನೇ ಪೂರ್ತಿ ಪಿಂಚಣಿ ಕೊಡ್ತಾರಂತೆ. ನಂಗೆ ಅರವತ್ತೊಂದು. ಮೂವತ್ನಾಲ್ಕು ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದಿದೀನಿ. ಸೀನಿದ್ರೆ ಕರ್ಚೀಫು ಹಸಿರಾಗುತ್ತೆ. ದಿಂಬಿಗೂ ಅದೇ ವಾಸನೆ. ಚಿಕ್ಕ ಹುಡುಗೀರಿಗೆ ಕಷ್ಟ ಆಗುತ್ತೆ, ಅದು ನಂಗೂ ಗೊತ್ತು, ಅವರನ್ನ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ಆದ್ರೆ ನನ್ ಮಟ್ಟಿಗೆ ಹೇಳ್ತೀನಿ, ನಂಗೆ ಒಂದು ದಿನ ಎಂಟು ಗಂಟೆವರೆಗೂ ಮಲಗ್ಬೇಕು. ಅಷ್ಟೇ ಬೇಕಾಗಿರೋದು."

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹೆಂಗಸು ಹೇಗೆ ಹೇಳಬೇಕೋ ನನಗೆ ತಿಳಿಯದು. ಬಾಲ್ಜ್ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟ.

"ನಿನ್ ಕೆಲಸ ಹೋಗಕ್ಕೆ ನಾನ್ ಬಿಡಲ್ಲ ರೇಗುಲಾ," ಎಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವನು ಕೇಳಿಸಿಕೊಂಡದ್ದು 'ಮುಚ್ತಾರಂತೆ' ಎನ್ನುವವರೆಗೆ ಮಾತ್ರ. "ಏಪ್ರಿಲ್‌ನಲ್ಲಿ ಮಾಲೀಕರ ಸಭೆ ಇದೆ. ಈ ಫಲಿತಾಂಶಕ್ಕೆ ನಾನು ತಿದ್ದುಪಡಿ ತರ್ತೀನಿ."

ರೇಗುಲಾ ನನ್ನ ಮುಖ ನೋಡಿದಳು. ನಾನು ಮ್ಯಾಕರೋನಿ ನೋಡಿದೆ.

ಆಗಿಹೋದ ವರ್ಷದ ಲೆಕ್ಕಕ್ಕೆ ತಿದ್ದುಪಡಿ ತರುವ ಯೋಚನೆ ಬೇರೆ ಊರಿನವರಿಗೆ ಬರುತ್ತಿರಲಿಲ್ಲ. ನಮ್ಮ ಕಣಿವೆಯವರಿಗೆ ಬರುತ್ತದೆ. ಮೇ ತಿಂಗಳ ಮೊದಲ ಭಾನುವಾರ ನಾವೆಲ್ಲ ಚೌಕದಲ್ಲಿ ನಿಂತು ಕಾನೂನು ಮಾಡುವವರು. ಸರ್ಕಾರ ಏನೇ ಮಸೂದೆ ತಂದರೂ ಯಾರು ಬೇಕಾದರೂ ಮೆಟ್ಟಿಲು ಹತ್ತಿ, ಇದನ್ನು ಒಪ್ಪಿ, ಬಿಡಿ, ವಾಪಸು ಕಳಿಸಿ, ಇಲ್ಲವೇ ಹೀಗೆ ತಿದ್ದಿ ಎನ್ನಬಹುದು. ಸಭೆಯ ಅಧ್ಯಕ್ಷರು ಸಂಪ್ರದಾಯದ ಕತ್ತಿಯ ಮೇಲೆ ಕೈಯೂರಿ ನಿಂತು, ಎತ್ತಿದ ಕೈಗಳನ್ನು ಒಮ್ಮೆ ನೋಡಿ, ಬಹುಮತ ಕಂಡ ಕಡೆಗೆ 'ಇದು ಹೆಚ್ಚು' ಎನ್ನುತ್ತಾರೆ. ಎಣಿಸುವುದಿಲ್ಲ, ಮೇಲ್ಮನವಿಯೂ ಇಲ್ಲ. ಹರೆಯದಿಂದಲೂ ಹೀಗೆ ಕೈಯೆತ್ತಿ ಬೆಳೆದವನಿಗೆ ಎತ್ತಿದ ಕೈ ಬದಲಿಸಲಾಗದ ವಸ್ತುವೂ ಲೋಕದಲ್ಲಿದೆ ಎಂದು ಹೇಗೆ ತಿಳಿಯಬೇಕು?

ಊರಿನ ಪಂಚಾಯಿತಿ ಅಧ್ಯಕ್ಷೆ ಸ್ಟ್ರೈಫ್ ಮೇಡಂ ಅವನಿಗೆ ಬುದ್ಧಿ ಹೇಳಲು ನೋಡಿದರು.

"ಬಾಲ್ಜ್, ಅದು ಫಲಿತಾಂಶ ಕಣಯ್ಯ. ಪಂದ್ಯ ಸೋತ ಮೇಲೆ ಗೋಲಿಗೆ ತಿದ್ದುಪಡಿ ತರ್ತೀಯಾ?"

"ಮೈದಾನ ನಂದಾಗಿದ್ರೆ ತರ್ತಿದ್ದೆ."

"ನಿಂದು ಒಂದು ಷೇರು. ಅವರತ್ರ ಇನ್ನೂರು ಕೋಟಿ ಇದೆ."

"ನಮ್ ಚೌಕದಲ್ಲಿ ಹತ್ತು ಹಸು ಇರೋನಿಗೆ ಹತ್ತು ಕೈ ಕೊಡ್ತೀರಾ ಮೇಡಂ?"

ಮುಂದಿನ ವರ್ಷ ಚುನಾವಣೆಗೆ ನಿಲ್ಲಬೇಕಿದ್ದ ಅಧ್ಯಕ್ಷೆ ವಾದವನ್ನು ಅಲ್ಲಿಗೇ ಬಿಟ್ಟರು. ಹೀಗಾಗಿ ಹದಿನೈದು ದಿನದಲ್ಲಿ ಕಾರ್ಖಾನೆಯ ಇಪ್ಪತ್ತಾರು ಮಂದಿ ಒಂದು ಷೇರಿನ ಮಾಲೀಕರು ನನ್ನ ಬಸ್ಸಿನಲ್ಲಿ ಜ್ಯೂರಿಕ್‌ಗೆ ಹೊರಡುವುದೆಂದು ಗೊತ್ತಾಯಿತು. ಅವರಲ್ಲಿ ಅರ್ಧದಷ್ಟು ಜನ ಕಾರ್ಖಾನೆ ಉಳಿಸಲು ಹೊರಟವರು. ಉಳಿದವರು ಸಭೆಯ ನಂತರದ ಊಟಕ್ಕೆ. ರೇಗುಲಾಳ ಅಣ್ಣ ಮೆಲ್ಕ್ ಜೋಪ್ಫಿ ಮುಚ್ಚಳವಿರುವ ಮೂರು ಪ್ಲಾಸ್ಟಿಕ್ ಡಬ್ಬಿಗಳನ್ನು ಕೋಟಿನ ಒಳಗೆ ಇಟ್ಟುಕೊಂಡು ಬಂದಿದ್ದ. ಕೂತರೆ ಕಟಕಟ ಸದ್ದಾಗುತ್ತಿತ್ತು.

ಸಭಾಂಗಣದ ಬಾಗಿಲಲ್ಲಿ ಪ್ರತಿ ಮಾಲೀಕರ ಕೈಗೂ ಮೂರು ಗುಂಡಿಗಳ ಒಂದು ಪುಟ್ಟ ಯಂತ್ರ ಕೊಟ್ಟರು. ಮತ ಹಾಕುವುದು ಅದರಲ್ಲಂತೆ. ನಮ್ಮವರು ಅದನ್ನು ಟಿವಿ ರಿಮೋಟಿನ ಹಾಗೆ ಪರದೆಯ ಕಡೆ ತಿರುಗಿಸಿ ಒತ್ತಿ ನೋಡಿದರು. ಮೆಲ್ಕ್ ಅದನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕಾದ. ನನಗೆ ಅತಿಥಿಯ ಚೀಟಿ ಸಿಕ್ಕಿತು. ಕೂರಬಹುದು, ತಿನ್ನಬಹುದು, ಮತವಿಲ್ಲ. ಬಾಲ್ಜ್ ಮತ್ತು ರೇಗುಲಾರ ಹಿಂದಿನ ಸಾಲಿನಲ್ಲಿ ಕೂತೆ, ನಮ್ಮೂರಿನ ಉಳಿದವರೆಲ್ಲ ಅವರ ಮುಂದಿನ ಸಾಲುಗಳಲ್ಲಿದ್ದರು. ಸಾವಿರದ ಮುನ್ನೂರು ಜನ ಇದ್ದಿರಬೇಕು, ಹೆಚ್ಚಿನವರು ನಮ್ಮಂಥ ನರೆತ ತಲೆಗಳು. ಮಡಿಸುವ ಗೋಡೆಯ ಆಚೆ ಊಟ ಸಿದ್ಧವಾಗುತ್ತಿತ್ತು. ಅಣಬೆ ಗೊಜ್ಜಿನಲ್ಲಿ ಬೇಯುವ ಕರುವಿನ ಮಾಂಸದ ಪರಿಮಳ ಗೋಡೆಯ ಸಂದಿನಿಂದ ನುಸುಳಿ ಬಂದು ಒಬ್ಬೊಬ್ಬರನ್ನೇ ಮಾತಾಡಿಸುತ್ತಿತ್ತು.

ಕಂಪನಿಯ ಅಧ್ಯಕ್ಷ ಡಾಕ್ಟರ್ ವೆಟ್‌ಸ್ಟೈನ್ ಒಂದು ಗಂಟೆ ಹತ್ತು ನಿಮಿಷ ಫಲಿತಾಂಶ ಹೇಳಿದರು. ಕೊಟ್ಟಿಗೆ ಬಾಗಿಲಿನಷ್ಟು ದೊಡ್ಡ ಪರದೆಯ ಮೇಲೆ ನೀಲಿ ಕಂಬಗಳು ಏರಿದವು, ಬೂದು ಕಂಬಗಳು ಇಳಿದವು. ಕೊನೆಗೆ, "ವಾರ್ಷಿಕ ವರದಿಯ ಬಗ್ಗೆ ಯಾರಾದರೂ ಮಾತನಾಡುವುದಿದೆಯೇ?" ಎಂದು ಕೇಳಿದರು. ಅದು ಮರ್ಯಾದೆಗೆ ಕೇಳುವ ಪ್ರಶ್ನೆ. ಬಾಲ್ಜ್ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ನೇರವಾಗಿ ವೇದಿಕೆ ಹತ್ತಿದ.

"ನಂಬಿಕೆಯ ನಾಡವರೇ," ಎಂದ. ನಮ್ಮ ಚೌಕದಲ್ಲಿ ಹಾಗೆಯೇ ಶುರು ಮಾಡುವುದು. "ಫಲಿತಾಂಶ ಒಟ್ಟಾರೆ ಪರವಾಗಿಲ್ಲ. ಆದ್ರೆ ನೂರ ಹದಿನೆಂಟನೇ ಪುಟದ ನಾಲ್ಕನೇ ಸಾಲನ್ನ ಹೊಡೆದುಹಾಕ್ಬೇಕು ಅಂತ ನಾನು ತಿದ್ದುಪಡಿ ತರ್ತಿದೀನಿ."

ವೇದಿಕೆಯ ಮೇಲಿನ ಒಂಬತ್ತು ಜನ ಒಟ್ಟಿಗೆ ನೂರ ಹದಿನೆಂಟನೇ ಪುಟ ಹುಡುಕಿದರು. ಅದನ್ನು ಅವರಲ್ಲಿ ಯಾರೂ ಮೊದಲು ತೆರೆದಿದ್ದಂತೆ ಕಾಣಲಿಲ್ಲ.

"ಲುಕ್ಸಿಂಗರ್ ಅವರೇ, ಇದು ವರದಿ," ಎಂದರು ಅಧ್ಯಕ್ಷರು ನಯವಾಗಿ. "ಇದನ್ನು ತಿದ್ದಲು ಬರುವುದಿಲ್ಲ. ತಾವು ಒಪ್ಪಬಹುದು ಅಥವಾ ಬಿಡಬಹುದು."

"ಎರಡೇನಾ? ನಮ್ಮಲ್ಲಿ ನಾಲ್ಕಿದೆ."

"ಇಲ್ಲಿ ಎರಡೇ."

"ಹಾಗಾದ್ರೆ ನಮ್ ಕಡೆಯಿಂದ ಇನ್ನೆರಡು ಇಟ್ಕೊಳ್ಳಿ. ನೋಡಿ ಡಾಕ್ಟ್ರೇ, ಆಗಿಹೋದ ವರ್ಷ ನಾನು ಮುಟ್ಟಲ್ಲ. ಬ್ರೆಜಿಲ್ ವಿಷಯಾನೂ ಕ್ಷಮಿಸಿದೀನಿ. ಈ ಸಾಲು ಆಗಿಹೋದದ್ದಲ್ಲ, ಜೂನ್‌ನಲ್ಲಿ ಆಗೋದು. ಮೂವತ್ತೊಂದು ಜನರ ಮನೆ ಒಲೆ ಇದು. ಆ ಸೂಪು ಕುಡಿದು ನಾನು ಮೂವತ್ತು ಚಳಿಗಾಲ ಹಿಮ ತಳ್ಳಿದೀನಿ. ಈ ಸಭೇಲಿ ಅದನ್ನ ಕುಡೀದೆ ಬೆಳೆದೋರು ಯಾರಿದೀರಿ?"

ಸಭೆಯಲ್ಲಿ ಗುಜುಗುಜು ಎದ್ದಿತು. ಮಧ್ಯಾಹ್ನ ಒಂದು ಗಂಟೆ ದಾಟಿ ಊಟದ ಹೊತ್ತು ಮೀರುತ್ತಿತ್ತು. ಕಂಪನಿಯ ವಕೀಲ ಬಗ್ಗಿ ಏನೋ ಪಿಸುಗುಟ್ಟಿದ. ಡಾಕ್ಟರ್ ವೆಟ್‌ಸ್ಟೈನ್ ಅವನನ್ನು ಕೈಯಿಂದ ಸುಮ್ಮನಾಗಿಸಿ ತಮ್ಮ ಜೀವನದ ದೊಡ್ಡ ತಪ್ಪೊಂದನ್ನು ಮಾಡಿದರು. "ಸರಿ. ಕಾನೂನಿನ ಪ್ರಕಾರ ಇದಕ್ಕೆ ಯಾವ ಬೆಲೆಯೂ ಇಲ್ಲ. ಆದರೂ ಸಭೆಯ ಮನಸ್ಸು ತಿಳಿಯಲಿ. ಇವರ ಮಾತಿಗೆ ಒಪ್ಪುವವರು ಕೈಯೆತ್ತಿ," ಎಂದರು. ನಾಲ್ಕು ಕೈ ಏಳುತ್ತವೆ, ಊಟಕ್ಕೆ ಹೋಗಬಹುದು ಎಂದು ಅವರ ಲೆಕ್ಕ.

ಸಭಾಂಗಣ ಪೂರ್ತಿ ಕೈಗಳಾಯಿತು. ಎಲ್ಲರೂ ಸೂಪಿನ ಮೇಲಿನ ಪ್ರೀತಿಗೇ ಎತ್ತಿದರು ಎಂದು ನಾನು ಸುಳ್ಳು ಹೇಳಲಾರೆ. ಬೇಗ ಊಟವಾಗಲಿ ಎಂದು ಎತ್ತಿದವರೂ ಇದ್ದರು. ಬೆಳಿಗ್ಗೆಯಿಂದ ಆ ಮೂರು ಗುಂಡಿಯ ಯಂತ್ರದ ಮುಂದೆ ಪೆದ್ದರಾಗಿ ಕೂತಿದ್ದವರಿಗೆ ತಮಗೆ ಬರುವ ಒಂದು ಕೆಲಸ ಕೊನೆಗೂ ಸಿಕ್ಕಿತ್ತು. ಮೆಲ್ಕ್ ಎರಡೂ ಕೈಯೆತ್ತಿದ, ಡಬ್ಬಿಗಳು ಕೆಳಗೆ ಬಿದ್ದವು.

"ವಿರೋಧ ಇರುವವರು?" ಎಂದು ಅಧ್ಯಕ್ಷರು ಒಣಗಿದ ದನಿಯಲ್ಲಿ ಕೇಳಿದರು.

ಎಲ್ಲ ಕೈಗಳೂ ಇಳಿದವು. ಒಂದು ಎದ್ದಿತು. ನನ್ನ ಮುಂದಿನ ಕುರ್ಚಿಯಿಂದ.

"ರೇಗುಲಾ," ಎಂದೆ ಮೆಲ್ಲಗೆ.

"ಸುಮ್ನಿರು ಉಲಿ," ಎಂದಳು ತಿರುಗದೆ. "ಪಾಪ ಅನ್ಸುತ್ತೆ, ನಾಚಿಕೇನೂ ಆಗುತ್ತೆ. ಆದ್ರೆ ನಂಗೆ ನಿದ್ದೆ ಬೇಕು."

ವೇದಿಕೆಯ ಮೇಲಿದ್ದ ಬಾಲ್ಜ್‌ಗೆ ಮೆಲ್ಕ್‌ನ ದೊಡ್ಡ ತಲೆ ಅಡ್ಡವಾಗಿ ಕೈಯಷ್ಟೇ ಕಂಡಿತು, ಮುಖ ಕಾಣಲಿಲ್ಲ. ಅವನು ಆ ಕೈಯನ್ನು ಕನಿಕರದಿಂದ ನೋಡಿ, "ಇದು ಹೆಚ್ಚು," ಎಂದು ತಾನೇ ತೀರ್ಪು ಕೊಟ್ಟು ಇಳಿದು ಬಂದ. ಆಮೇಲೆ ಯಂತ್ರದ ಮತವೂ ನಡೆಯಿತು. ದೊಡ್ಡ ದೊಡ್ಡ ಬ್ಯಾಂಕುಗಳ ಪರವಾಗಿ ಒಬ್ಬನೇ ಒಬ್ಬ ಗುಂಡಿ ಒತ್ತಿದ. ನೂರಕ್ಕೆ ತೊಂಬತ್ತೊಂಬತ್ತೂವರೆ ಮತದಿಂದ ವರದಿ ಇದ್ದ ಹಾಗೆಯೇ ಅಂಗೀಕಾರವಾಯಿತೆಂದು ಪರದೆಯ ಮೇಲೆ ಬಂತು. ಅದನ್ನು ಓದಿದವರು ಯಾರೂ ಇಲ್ಲ, ಏಕೆಂದರೆ ಅಷ್ಟರಲ್ಲಿ ಮಡಿಸುವ ಗೋಡೆ ತೆರೆದಿತ್ತು.

ಮಾರನೆಯ ದಿನದ ಪತ್ರಿಕೆಯಲ್ಲಿ ಎರಡು ಚಿತ್ರಗಳು ಬಂದವು. ಒಂದರಲ್ಲಿ ಕೈಗಳ ಕಾಡು. ಇನ್ನೊಂದರಲ್ಲಿ ಒಂಟಿ ಕೈ. ಬಾಲ್ಜ್ ಎರಡನ್ನೂ ಕತ್ತರಿಸಿ ಊರಿನ ಹೋಟೆಲಿನ ಗೋಡೆಗೆ ಅಂಟಿಸಿದ. ತಿದ್ದುಪಡಿ ಪಾಸಾಯಿತೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನು ಹಾಗೆ ಎದೆಯುಬ್ಬಿಸಿ ಹೇಳಿದ್ದರಿಂದ ಊರಿಗೂ ಇರಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಕೂಡ, ಮೇಲಿನವರ ಪತ್ರ ತಡವಾಗಿರಬೇಕೆಂದುಕೊಂಡು, ಮುಂದಿನ ಆರು ತಿಂಗಳಿಗೆ ಬಟಾಣಿ ಹಿಟ್ಟು ತರಿಸಿಬಿಟ್ಟ.

ಊರಿನಲ್ಲಿ ಉಳಿದ ಪ್ರಶ್ನೆ ಒಂದೇ. ಆ ಕೈ ಯಾರದು?

"ಬೆರಳು ನೋಡಿ," ಎಂದು ಬಾಲ್ಜ್ ಹೋಟೆಲಿನಲ್ಲಿ ಕೂತವರಿಗೆಲ್ಲ ಸ್ಕೇಲಿನಿಂದ ತೋರಿಸುವನು. "ಕೆಲಸ ಮಾಡಿದ ಬೆರಳಲ್ಲ ಇದು. ಬ್ಯಾಂಕಿನವನದು. ಉಗುರು ನೋಡಿದ್ರೇ ಗೊತ್ತಾಗುತ್ತೆ, ಮನೇಲಿ ಒಂದು ತಟ್ಟೆ ತೊಳೆದಿಲ್ಲ."

"ಹೆಂಗಸಿನ ಕೈ ಇದ್ದ ಹಾಗಿದೆ," ಎಂದರು ಸ್ಟ್ರೈಫ್ ಮೇಡಂ.

"ಮೇಡಂ, ಬ್ಯಾಂಕಿನವರ ಕೈಯೆಲ್ಲ ಹಂಗೇ."

ರೇಗುಲಾ ಪಕ್ಕದಲ್ಲೇ ಕೂತು ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಹೇಳಿದಳು. "ಮೂವತ್ತೆಂಟು ವರ್ಷ ಈ ಕೈ ಬಡಿಸಿದ್ದನ್ನ ತಿಂದಿದಾನೆ ಉಲಿ. ಗುರುತು ಹಿಡೀಲಿಲ್ಲ ನೋಡು." ಅವಳು ನಗುತ್ತ ಹೇಳಿದರೂ ನನಗೆ ಬಾಲ್ಜ್‌ನ ಮೇಲೆ ಮೊದಲ ಬಾರಿಗೆ ನಿಜವಾದ ಸಿಟ್ಟು ಬಂತು.

ಅತ್ತ ಕಂಪನಿಗೆ ಪತ್ರಗಳ ಮಳೆ. ಆ ಸೂಪನ್ನು ಹತ್ತು ವರ್ಷದಿಂದ ಮರೆತಿದ್ದ ಜನ ಈಗ ಅದಿಲ್ಲದೆ ಬದುಕಿಲ್ಲ ಎಂಬಂತೆ ಬರೆದರು. ಬರೆದದ್ದಷ್ಟೇ ಅಲ್ಲ, ಕೊಳ್ಳಲೂ ಶುರು ಮಾಡಿದರು. ಮೇ ಕೊನೆಯ ಹೊತ್ತಿಗೆ, ಮಾಲೀಕರೊಂದಿಗೆ ನಡೆಸಿದ ಫಲಪ್ರದ ಸಂವಾದದ ನಂತರ ಲಿಂತ್ ಕಣಿವೆಯ ಘಟಕವನ್ನು ಮುಂದುವರಿಸಲು ತೀರ್ಮಾನಿಸಲಾಗಿದೆ ಎಂದು ಕಂಪನಿ ಪ್ರಕಟಿಸಿತು. ಬಾಲ್ಜ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದು ತಿಂಗಳು ತಡವಾಯಿತು ಎಂದಷ್ಟೇ ಗೊಣಗಿದ.

ಜೂನ್ ಮೊದಲ ಶುಕ್ರವಾರ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಸಮಾರಂಭ. ಊರೆಲ್ಲ ಸೇರಿತ್ತು. ಜ್ಯೂರಿಕ್‌ನಿಂದ ಕ್ನೆಖ್ಟ್ ಎಂಬ ಅಧಿಕಾರಿ ದೊಡ್ಡದೊಂದು ಕೇಕಿನೊಂದಿಗೆ ಬಂದಿದ್ದ. ಬಾಲ್ಜ್‌ನ ಕೈ ಕುಲುಕಿ, ಹೊಗಳಿ, ಕೊನೆಗೆ ಹೇಳಿದ. "ಒಂದು ಸಣ್ಣ ತೊಂದರೆ ಇದೆ. ಮುಚ್ಚುವ ಸುದ್ದಿ ಕೇಳಿ ಮೂವರು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅರವತ್ತು ದಾಟಿದವರು ಯಾರಾದರೂ ಅದೇ ಪಿಂಚಣಿ ತೆಗೆದುಕೊಂಡು ಹೋಗುವುದಿದ್ದರೆ ಕಂಪನಿಯ ಅಭ್ಯಂತರವಿಲ್ಲ. ಆದರೆ ಅವರ ಜಾಗಕ್ಕೆ ಸೋಮವಾರದೊಳಗೆ ಜನ ಸಿಗಬೇಕು."

ಎಲ್ಲರೂ ಕೇಕು ನೋಡಿದರು. ಬೆಳಿಗ್ಗೆ ಐದೂವರೆಗೆ ಆ ಹಸಿರು ಧೂಳಿನಲ್ಲಿ ನಿಲ್ಲಲು ನಮ್ಮ ಕಣಿವೆಯಲ್ಲಿ ಯಾರೂ ಸಾಲುಗಟ್ಟಿ ನಿಂತಿರಲಿಲ್ಲ.

ರೇಗುಲಾ ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು.

"ನಂಬಿಕೆಯ ನಾಡವರೇ," ಎಂದಳು. "ಮೊದಲು ಒಂದು ಮಾತು. ಹೋಟೆಲಿನ ಗೋಡೆ ಮೇಲಿರೋ ಕೈ ನಂದು."

ಕೇಕು ಕತ್ತರಿಸುತ್ತಿದ್ದ ಹುಡುಗಿ ಚಾಕುವನ್ನು ಎತ್ತಿಕೊಂಡೇ ನಿಂತಳು. ರೇಗುಲಾ ಅವಳ ಕಡೆಗೇ ತಿರುಗಿ ಹೇಳಿದಳು. "ನಿಮ್ಮ ಕೆಲಸ ಉಳೀತು, ನಂಗೆ ಖುಷಿ. ನಿಜವಾಗ್ಲೂ ಖುಷಿ. ಆದ್ರೆ ನಂಗೆ ಸಾಕಾಗಿದೆ. ಇದನ್ನ ನಾನು ಊಟದ ಮೇಜಲ್ಲಿ ಹೇಳಿದೀನಿ, ಬಸ್ಸಲ್ಲಿ ಹೇಳಿದೀನಿ, ದೀಪ ಆರಿಸೋವಾಗ ಹೇಳಿದೀನಿ. ಕೇಳಬೇಕಾದೋರಿಗೆ ಕೇಳಿಸ್ಲಿಲ್ಲ. ಅದಕ್ಕೆ ಈಗ ಸಭೇಲೇ ಮಂಡಿಸ್ತೀನಿ. ನನ್ ಜಾಗಕ್ಕೆ ಜನ ಇದಾರೆ. ಅರವತ್ತಾರು ವರ್ಷ, ಗಟ್ಟಿ ಆಳು, ಮನೇಲಿ ಬೇರೆ ಕೆಲಸ ಇಲ್ಲ. ಕಂಪನಿ ಮೇಲೆ ಅವನಿಗಿರೋ ಪ್ರೀತಿ ಎಂಬತ್ತೇಳು ದೇಶದಲ್ಲಿ ಇನ್ಯಾರಿಗೂ ಇಲ್ಲ."

ಕ್ನೆಖ್ಟ್ ಗೊಂದಲದಿಂದ ಮ್ಯಾನೇಜರನ್ನು ನೋಡಿದ. ಮ್ಯಾನೇಜರ್ ಸ್ಟ್ರೈಫ್ ಮೇಡಂ ಅವರನ್ನು ನೋಡಿದ. ಅವರು ಹತ್ತಿರ ಕತ್ತಿಯಿಲ್ಲದ್ದಕ್ಕೆ ಮೂಲೆಯಲ್ಲಿದ್ದ ಪೊರಕೆಯ ಮೇಲೆ ಕೈಯೂರಿ ನಿಂತು, "ಒಪ್ಪೋರು ಕೈಯೆತ್ತಿ," ಎಂದರು.

ಎತ್ತದಿದ್ದವರನ್ನು ಹುಡುಕಬೇಕಿತ್ತು. ಮೆಲ್ಕ್ ಕೇಕು ಹಿಡಿದ ಕೈಯನ್ನೇ ಎತ್ತಿದ.

ಬಾಲ್ಜ್ ಅದಾವುದನ್ನೂ ನೋಡುತ್ತಿರಲಿಲ್ಲ. ಅವನು ಹೆಂಡತಿಯ ಕೈ ನೋಡುತ್ತಿದ್ದ. ಬೆರಳ ಗೆಣ್ಣುಗಳಲ್ಲಿ ಹಸಿರು ಕೂತಿತ್ತು, ಹೆಬ್ಬೆರಳಿನ ಪಕ್ಕ ಯಂತ್ರ ತಾಗಿದ ಹಳೆಯ ಗಾಯ, ಸವೆದು ಗಿಡ್ಡವಾದ ಉಗುರು. ಕೆಲಸ ಮಾಡದ ಬೆರಳೆಂದು ವಾರಗಟ್ಟಲೆ ಸ್ಕೇಲು ಹಿಡಿದು ಊರಿಗೆಲ್ಲ ತೋರಿಸಿದ್ದು ಇದನ್ನೇ.

ಆಮೇಲೆ ಬಾಲ್ಜ್ ಲುಕ್ಸಿಂಗರ್ ತನ್ನ ಕೈಯನ್ನು ಮೇಲೆತ್ತಿದ. ಪೂರ್ತಿ ಎತ್ತಿದ, ಚೌಕದಲ್ಲಿ ಎತ್ತುವ ಹಾಗೆ.

"ಇದು ಹೆಚ್ಚು," ಎಂದರು ಸ್ಟ್ರೈಫ್ ಮೇಡಂ.

ಸೋಮವಾರ ಬೆಳಿಗ್ಗೆ ಐದು ಹತ್ತರ ನನ್ನ ಮೊದಲ ಬಸ್ಸಿಗೆ ಬಾಲ್ಜ್ ಬಿಳಿ ಟೋಪಿ ಹಾಕಿಕೊಂಡು, ಬೂಟನ್ನು ಕೈಯಲ್ಲಿ ಹಿಡಿದು ಬರೀ ಕಾಲ್ಚೀಲದಲ್ಲಿ ಬಂದ. ಮೆಟ್ಟಿಲ ಮೇಲೆ ಸದ್ದಾಗಬಾರದಂತೆ. ಬಸ್ಸಿನಲ್ಲಿ ಕೂತು ಬೂಟು ಹಾಕಿಕೊಳ್ಳುತ್ತ, ಪ್ಯಾಕಿಂಗ್ ಕೋಣೆಯಲ್ಲಿ ತಾನು ತರಲಿರುವ ಸುಧಾರಣೆಗಳನ್ನು ವಿವರಿಸಿದ. ಒಟ್ಟು ಹದಿನಾಲ್ಕು ಇದ್ದವು. ಅವನ ಧೈರ್ಯಕ್ಕೇನೂ ಕುಂದು ಬಂದಿರಲಿಲ್ಲ.

ಅವನನ್ನು ಇಳಿಸಿ, ಕಣಿವೆಯ ತುದಿಯವರೆಗೆ ಹೋಗಿ, ಎಂಟೂವರೆಗೆ ಮತ್ತೆ ನಮ್ಮ ಮನೆಯ ಮುಂದೆ ಬಂದೆ. ರೇಗುಲಾಳ ಕಿಟಕಿ ಇನ್ನೂ ಮುಚ್ಚಿತ್ತು. ಮನೆಯ ಪಕ್ಕದ ಕುರುಡು ತಿರುವಿನಲ್ಲಿ ಅಂಚೆ ಬಸ್ಸು ಮೂರು ಸ್ವರದ ಹಾರ್ನ್ ಹೊಡೆಯಲೇಬೇಕೆಂದು ನಿಯಮವಿದೆ. ನಾನು ಬಸ್ಸನ್ನು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ ಎದುರಿನಿಂದ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಹಾರ್ನ್ ಹೊಡೆಯದೆ ತಿರುವು ದಾಟಿದೆ.